ಹಲಸಿನ ಮರ ಬಿಟ್ಟು ಕೆರೆ: ಸಿವಿಲ್ 3ಡಿಯಲ್ಲಿ ಎರಡು ಇಳಿಜಾರು ಕೂಡುವ ಗೆರೆ ಹುಡುಕಿದ್ದು

ಹಿರಿಯಡ್ಕದ ಹತ್ತಿರ ಒಂದು ಅಡಿಕೆ ತೋಟ. ಅಲ್ಲಿ ಮಳೆನೀರು ಹಿಡಿಯಲು ಒಂದು ಕೆರೆ ಬೇಕು ಎಂದು ತೋಟದ ಯಜಮಾನರು ಡಿಸೆಂಬರಿನಲ್ಲಿ ಕರೆದರು. ನಮ್ಮ ಉಡುಪಿ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಆದರೂ ಮಾರ್ಚ್ ಬಂತೆಂದರೆ ಅವರ ಬಾವಿಯ ತಳ ಕಾಣುತ್ತದೆ. ಬಿದ್ದ ನೀರೆಲ್ಲ ತೋಡು ಹಿಡಿದು ಹೊಳೆಗೆ, ಹೊಳೆಯಿಂದ ಕಡಲಿಗೆ.

ಜಾಗ ಪೂರ್ವದಿಂದ ಪಶ್ಚಿಮಕ್ಕೆ ನಿಧಾನ ಇಳಿಯುತ್ತದೆ, 25 ಮೀಟರಿಗೆ ಒಂದು ಮೀಟರಿನಂತೆ. ಪೂರ್ವ-ಪಶ್ಚಿಮ 40 ಮೀಟರ್ ಉದ್ದ, ಉತ್ತರ-ದಕ್ಷಿಣ 32 ಮೀಟರ್ ಅಗಲದ ಆಯತ ಸುಲಭವಾಗಿ ಕೂರುತ್ತಿತ್ತು. ಆದರೆ ಈಶಾನ್ಯ ಮೂಲೆಯಲ್ಲಿ ಒಂದು ದೊಡ್ಡ ಹಲಸಿನ ಮರ ಇದೆ. "ಅದಕ್ಕೆ ಮಾತ್ರ ಕೈ ಹಾಕುವುದು ಬೇಡ ಮಾರಾಯ್ರೆ, ಅಜ್ಜ ನೆಟ್ಟ ಮರ" ಎಂದರು ಯಜಮಾನರು. ನನಗೂ ಅದೇ ಸರಿ ಅನಿಸಿತು. ಮರಕ್ಕಾಗಿ ಪೂರ್ವ-ಪಶ್ಚಿಮ 12 ಮೀಟರ್, ಉತ್ತರ-ದಕ್ಷಿಣ 14 ಮೀಟರ್ ಜಾಗ ಬಿಟ್ಟೆ. ಹೀಗೆ ಕೆರೆಯ ಬಾಯಿ ಇಂಗ್ಲಿಷಿನ L ಹಾಗೆ ಮಡಚಿದ ಆಕಾರ ಪಡೆಯಿತು, ಒಟ್ಟು 27 ಸೆಂಟ್ಸ್ ಚಿಲ್ಲರೆ. ನಾಲ್ಕು ಮೂಲೆಯ ಬದಲು ಆರು ಮೂಲೆ. ಈ ಬರಹ ಪೂರ್ತಿ ಆ ಆರು ಮೂಲೆ ಮತ್ತು ಟ್ರ್ಯಾಕ್ಟರ್ ಇಳಿಯುವ ಒಂದು ರಾಂಪಿನ ಬಗ್ಗೆ, ಅವನ್ನು ಸಿವಿಲ್ 3ಡಿ ಎಂಬ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಕೂರಿಸಿದ ಬಗ್ಗೆ.

ಮೊದಲು ಟೋಟಲ್ ಸ್ಟೇಷನ್ (ಸರ್ವೆ ಉಪಕರಣ) ಇಟ್ಟು ಐದೈದು ಮೀಟರಿಗೆ ಒಂದರಂತೆ ಲೆವೆಲ್, ಅಂದರೆ ನೆಲದ ಎತ್ತರ, ತೆಗೆದೆವು. ಮಣ್ಣು ನೋಡಲು ಜೆಸಿಬಿಯಲ್ಲಿ ಮೂರು ಗುಂಡಿ. ಪಶ್ಚಿಮ ಮತ್ತು ದಕ್ಷಿಣದ ಗುಂಡಿಯಲ್ಲಿ ಅರ್ಧ ಮೀಟರ್ ಕೆಂಪು ಮಣ್ಣು, ಅದರ ಕೆಳಗೆ ಶೇಡಿ. ಪೂರ್ವದ ಗುಂಡಿಯಲ್ಲಿ ಮುರಕಲ್ಲು (ಜಂಬಿಟ್ಟಿಗೆ), ಎರಡು ಮೀಟರಿಗೆ ಹೋಗುವಷ್ಟರಲ್ಲಿ ಬಕೆಟ್ ಸೋತಿತು, ಅಲ್ಲಿಗೇ ನಿಲ್ಲಿಸಿದೆವು. ಈ ನಿಲ್ಲಿಸಿದ್ದು ಆಮೇಲೆ ಮುಖ್ಯವಾಗುತ್ತದೆ.

ಶೇಡಿ ಮಣ್ಣು ಗೊತ್ತಿಲ್ಲದವರಿಗೆ: ಮುರಕಲ್ಲಿನ ಪದರದ ಅಡಿಯಲ್ಲಿ ಸಿಗುವ ಬಿಳಿ, ಹಳದಿ, ತಿಳಿಗುಲಾಬಿ ಬಣ್ಣದ ನುಣುಪು ಮಣ್ಣು. ಒಣಗಿದಾಗ ಗೋಡೆಯ ಹಾಗೆ ನಿಲ್ಲುತ್ತದೆ. ನೀರು ಕುಡಿಯಿತೋ, ಗಟ್ಟಿತನ ಪೂರಾ ಕಳೆದುಕೊಂಡು ಜಾರುತ್ತದೆ. ಹಾಗಾಗಿ ಶೇಡಿ ಇರುವ ಕಡೆಯೆಲ್ಲ 1:2 ಇಳಿಜಾರು, ಅಂದರೆ ಒಂದು ಮೀಟರ್ ಆಳಕ್ಕೆ ಎರಡು ಮೀಟರ್ ಅಡ್ಡಕ್ಕೆ. ಪೂರ್ವದ ಮುರಕಲ್ಲಿಗೆ 1:1. ಮರದ ಎರಡೂ ಬದಿಗೆ 1:1.5. (ಸಾಫ್ಟ್‌ವೇರ್‌ನಲ್ಲಿ ಇದು ತಿರುಗಾಮುರುಗ, ಅಡ್ಡದ ಅಳತೆ ಮೊದಲು: 2:1 ಎಂದು ಬರುತ್ತದೆ. ಹೊಸಬರು ಇಲ್ಲಿ ಎಡವುತ್ತಾರೆ, ಜಾಗ್ರತೆ.) ಅಂಚಿನ ಲೆವೆಲ್ 25.000, ತಳ 21.500, ಆಳ ಮೂರೂವರೆ ಮೀಟರ್. ನೀರು ಇಂಗದಂತೆ ಒಳಗೆ ಪ್ಲಾಸ್ಟಿಕ್ ಶೀಟ್ ಹಾಕುವ ಮಾತು ಬಂದಿತ್ತು. ಬಾವಿಗೆ ನೀರು ಇಂಗಬೇಕು ಎಂಬುದೇ ಯಜಮಾನರ ಮುಖ್ಯ ಆಸೆ, ಹಾಗಾಗಿ ಶೀಟ್ ಬೇಡ ಎಂದಾಯಿತು.

ಈಗ ಮಾಡೆಲ್. ಅಂಚನ್ನು ಒಂದು ಫೀಚರ್ ಲೈನ್ (ಎತ್ತರವನ್ನೂ ಹೊತ್ತ ಗೆರೆ) ಮಾಡಿ, ಒಂದೊಂದು ಬದಿಗೆ ಒಂದೊಂದು ಇಳಿಜಾರು ಕೊಟ್ಟು, ತಳದ ಲೆವೆಲ್‌ವರೆಗೆ ಗ್ರೇಡಿಂಗ್ ಇಳಿಸಿದೆ, ಅಂದರೆ ಸಾಫ್ಟ್‌ವೇರ್ ತಾನೇ ಇಳಿಜಾರು ಎಳೆಯುವಂತೆ ಮಾಡಿದೆ. ಎಲ್ಲ ಬದಿಗೂ ಒಂದೇ ಇಳಿಜಾರು ಇದ್ದಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು, ಮೂಲೆಗಳನ್ನು ಅದೇ ಸರಿಮಾಡಿಕೊಳ್ಳುತ್ತದೆ. ಇಲ್ಲಿ 1:1 ಮತ್ತು 1:2 ಒಂದೇ ಮೂಲೆಯಲ್ಲಿ ಕೂಡುತ್ತವೆ. ಒಂದರಿಂದ ಇನ್ನೊಂದಕ್ಕೆ ಬದಲಾಗಲು ಟ್ರಾನ್ಸಿಷನ್ ಕೊಡಬೇಕು, ಅಂದರೆ ಸ್ವಲ್ಪ ದೂರದಲ್ಲಿ ಇಳಿಜಾರು ನಿಧಾನ ತಿರುಚಿಕೊಳ್ಳುತ್ತದೆ. ನನಗೆ ತಿರುಚಿದ ಇಳಿಜಾರು ಬೇಡ. ಹಿಟಾಚಿಯವನು ಅದನ್ನು ಕಡಿಯುವುದು ಹೇಗೆ? ಟ್ರಾನ್ಸಿಷನ್ ಬಿಟ್ಟು ಪ್ರತಿ ಬದಿಗೂ ಬೇರೆ ಬೇರೆ ಗ್ರೇಡಿಂಗ್ ಹಾಕಿದೆ. ಆಗ ಎರಡು ಇಳಿಜಾರುಗಳು ಮೂಲೆಯಲ್ಲಿ ಒಂದರ ಮೇಲೊಂದು ಹಾಯ್ದು ಹೋದವು, ಕಾಂಟೂರ್‌ಗಳು (ಸಮ ಎತ್ತರದ ಗೆರೆಗಳು) ಕತ್ತರಿಯ ಹಾಗೆ ಅಡ್ಡಡ್ಡ ಬಿದ್ದವು.

ಇದಕ್ಕೆ ಕಾರಣ ಸರಳ. ಟಿನ್ ಸರ್ಫೇಸ್‌ನಲ್ಲಿ, ಅಂದರೆ ತ್ರಿಕೋನಗಳಿಂದ ಕಟ್ಟಿದ ನೆಲದ ಮಾಡೆಲ್‌ನಲ್ಲಿ, ಒಂದು ಜಾಗಕ್ಕೆ ಒಂದೇ ಲೆವೆಲ್. ನಾನು ಒಂದೇ ಜಾಗಕ್ಕೆ ಎರಡು ಲೆವೆಲ್ ಕೊಟ್ಟಿದ್ದೆ. ಬ್ರೇಕ್‌ಲೈನ್‌ಗಳು (ಇಳಿಜಾರು ಬದಲಾಗುವ ಗೆರೆಗಳು) ಒಂದನ್ನೊಂದು ದಾಟುತ್ತಿವೆ ಎಂದು ಈವೆಂಟ್ ವ್ಯೂವರ್ ತುಂಬ ಎಚ್ಚರಿಕೆ. ಸರ್ಫೇಸ್‌ನ ಬಿಲ್ಡ್ ಆಯ್ಕೆಯಲ್ಲಿ, ದಾಟುವ ಬ್ರೇಕ್‌ಲೈನ್‌ಗೆ ಅನುಮತಿ ಕೊಟ್ಟು ಎರಡರ ಸರಾಸರಿ ಲೆವೆಲ್ ತೆಗೆದುಕೋ ಎಂದು ಹೇಳಬಹುದು. ಹೇಳಿ ನೋಡಿದೆ. ಎಚ್ಚರಿಕೆಗಳು ಮಾಯವಾದವು, ಚಿತ್ರ ಚಂದ ಕಂಡಿತು. ಆದರೆ ಸರಾಸರಿ ಲೆವೆಲ್ ಎಂದರೆ ಆ ಇಳಿಜಾರಿನದ್ದೂ ಅಲ್ಲ, ಈ ಇಳಿಜಾರಿನದ್ದೂ ಅಲ್ಲ. ನೆಲದ ಮೇಲೆ ಅಂಥ ಜಾಗವೇ ಇಲ್ಲ.

ಅದು ತಪ್ಪು ಎಂದು ಖಾತ್ರಿಯಾದದ್ದು ಮಣ್ಣಿನ ಲೆಕ್ಕದಲ್ಲಿ. ಮಾಡೆಲ್ ಎಷ್ಟೇ ಚಂದ ಇರಲಿ, ಒಂದು ಹಾಳೆಯಲ್ಲಿ ಕೈಲೆಕ್ಕ ಮಾಡುವ ಅಭ್ಯಾಸ ನನ್ನದು. ಬಾಯಿಯ ಹತ್ತಿರ 1,112 ಚದರ ಮೀಟರ್, ನಡು ಆಳದಲ್ಲಿ 700, ತಳದಲ್ಲಿ 363. ಬಾಯಿ, ನಡುವಿನ ನಾಲ್ಕು ಪಟ್ಟು, ತಳ ಮೂರನ್ನೂ ಕೂಡಿಸಿ, ಆಳದಿಂದ ಗುಣಿಸಿ, ಆರರಿಂದ ಭಾಗಿಸಿದರೆ ಸುಮಾರು 2,490 ಕ್ಯೂಬಿಕ್ ಮೀಟರ್, ರಾಂಪ್ ಬಿಟ್ಟು. ಮಾಡೆಲ್ 2,580 ತೋರಿಸುತ್ತಿತ್ತು. 90 ಕ್ಯೂಬಿಕ್ ಮೀಟರ್ ಎಲ್ಲಿಂದ ಬಂತು? ಮೂಲೆಗಳಿಂದಲೇ ಬರಬೇಕು, ಬೇರೆಲ್ಲೂ ಜಾಗ ಇಲ್ಲ. ಆ ಸರಾಸರಿಯ ಆಯ್ಕೆಯನ್ನು ಆವತ್ತೇ ತೆಗೆದೆ, ಇನ್ನು ಮುಂದೆ ಮುಟ್ಟುವುದಿಲ್ಲ. ಎಚ್ಚರಿಕೆ ಬಂದರೆ ಬರಲಿ, ಅದು ನಿಜ ಹೇಳುತ್ತಿದೆ.

ಮಾರನೆ ದಿನ ತೋಟಕ್ಕೆ ಹೋದಾಗ ಯಜಮಾನರ ಮನೆಯ ಹಂಚಿನ ಮಾಡು ರಿಪೇರಿ ನಡೆಯುತ್ತಿತ್ತು. ಹಳೆಯ ಮಾಡಿಗೆ ಹೊಸ ಜಗಲಿಯ ಮಾಡು ಸೇರಿಸುತ್ತಿದ್ದರು. ಎರಡಕ್ಕೂ ಬೇರೆ ಬೇರೆ ಇಳಿಜಾರು, ನನ್ನ ಮೂಲೆಯ ಹಾಗೆಯೇ. "ಆಚಾರ್ರೇ, ಈ ಎರಡು ಮಾಡು ಕೂಡುವ ಗೆರೆ ನೀವು ಹೇಗೆ ತೆಗೆಯುತ್ತೀರಿ?" ಎಂದು ಬಡಗಿಯನ್ನು ಕೇಳಿದೆ. ಅವರು ನೂಲು ಎಳೆದು ತೋರಿಸಿಯೇ ಬಿಟ್ಟರು. ಒಂದು ಮಾಡಿನ ಮೇಲೆ ಅಡ್ಡಕ್ಕೆ ಮಟ್ಟವಾಗಿ ಒಂದು ನೂಲು. ಅದೇ ಎತ್ತರದಲ್ಲಿ ಇನ್ನೊಂದು ಮಾಡಿನ ಮೇಲೆ ಇನ್ನೊಂದು ನೂಲು. ಎರಡು ನೂಲು ಕತ್ತರಿಸಿದಲ್ಲಿ ಪೆನ್ಸಿಲ್ ಗುರುತು. ಒಂದಡಿ ಮೇಲೆ ಹೋಗಿ ಮತ್ತೆ ಹಾಗೆಯೇ. "ಎರಡು ಗುರುತು ಸಿಕ್ಕಿದರೆ ಸಾಕು, ಮೂಲೆಯ ಮರ ಅಲ್ಲಿ ಕೂರುತ್ತದೆ" ಎಂದರು.

ಕಾಲೇಜಿನಲ್ಲಿ ಇದನ್ನೇ ಕಾಂಟೂರ್ ಬಿಡಿಸಿ ಕಲಿಸಿದ್ದರು. ಸಮ ಎತ್ತರದ ಗೆರೆಗಳು ಸೇರುವ ಬಿಂದುಗಳನ್ನು ಜೋಡಿಸು, ಅಷ್ಟೆ. ಹತ್ತು ವರ್ಷ ಸಾಫ್ಟ್‌ವೇರ್ ಮುಂದೆ ಕೂತ ಮೇಲೆ ಆ ಗೆರೆಯನ್ನು ನಾನೇ ಹುಡುಕಬಹುದು ಎಂಬುದು ತಲೆಗೆ ಬಂದಿರಲಿಲ್ಲ. ಎರಡು ಇಳಿಜಾರು ಎಲ್ಲಿ ಕೂಡುತ್ತವೆ ಎಂದು ಸಾಫ್ಟ್‌ವೇರನ್ನು ಕೇಳಬೇಡಿ. ನೀವೇ ಹುಡುಕಿ ಆ ಗೆರೆಯನ್ನು ಅದಕ್ಕೆ ಕೊಡಿ. ಆಮೇಲೆ ಅದು ಒಂದು ಮಾತೂ ತಪ್ಪದೆ ಕೇಳುತ್ತದೆ.

ಆಗ್ನೇಯ ಮೂಲೆ ತೆಗೆದುಕೊಳ್ಳಿ. ಪೂರ್ವ ಬದಿ 1:1, ದಕ್ಷಿಣ ಬದಿ 1:2. ಒಂದು ಮೀಟರ್ ಆಳಕ್ಕೆ ಇಳಿದರೆ ಪೂರ್ವದ ಗೆರೆ ಒಂದು ಮೀಟರ್ ಒಳಗೆ ಬರುತ್ತದೆ, ದಕ್ಷಿಣದ್ದು ಎರಡು ಮೀಟರ್. ಅವು ಕೂಡುವ ಬಿಂದು ಮೂಲೆಯಿಂದ ಪಶ್ಚಿಮಕ್ಕೆ 1, ಉತ್ತರಕ್ಕೆ 2. ಮೂರೂವರೆ ಮೀಟರ್ ಆಳದಲ್ಲಿ 3.5 ಮತ್ತು 7. ಎರಡು ಬಿಂದು ಸಿಕ್ಕಿತು, ಗೆರೆ ಮುಗಿಯಿತು. ಈ ಗೆರೆ 45 ಡಿಗ್ರಿಯಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಪೂರ್ವದ ಅಂಚಿನಿಂದ 26.6 ಡಿಗ್ರಿ ಮಾತ್ರ. ಸಮ ಇಳಿಜಾರುಗಳು ಚೌಕ ಮೂಲೆಯಲ್ಲಿ ಕೂಡಿದರೆ ಮಾತ್ರ ಸರಿಯಾಗಿ 45. ಅಭ್ಯಾಸ ಬಲದಿಂದ ಎಲ್ಲ ಮೂಲೆಗೂ 45 ಎಳೆದು ಬಿಡುವವರನ್ನು ನೋಡಿದ್ದೇನೆ. ಹಾಗೆ ಎಳೆದರೆ ಎರಡು ಬದಿಗಳಲ್ಲಿ ಒಂದರ ಇಳಿಜಾರು ಸುಳ್ಳಾಗುತ್ತದೆ. ಇನ್ನೊಂದು ವಿಷಯ, ಗೆರೆಯ ಉದ್ದಕ್ಕೆ ಇಳಿಜಾರು 1:2.24. ಎರಡು ಬದಿಗಿಂತಲೂ ಮೂಲೆಯ ಗೆರೆ ಯಾವಾಗಲೂ ಚಪ್ಪಟೆ.

ಉಳಿದ ಮೂಲೆಗಳನ್ನೂ ಹೀಗೆಯೇ ಹಾಳೆಯಲ್ಲಿ ತೆಗೆದು, ಪ್ರತಿಯೊಂದನ್ನೂ ಎರಡು ತುದಿಗೆ ಲೆವೆಲ್ ಕೊಟ್ಟ ಫೀಚರ್ ಲೈನ್ ಮಾಡಿದೆ. ಅಂಚು, ತಳ, ಮೂಲೆಯ ಗೆರೆಗಳು. ಸರ್ಫೇಸ್‌ಗೆ ಇಷ್ಟೇ ಬ್ರೇಕ್‌ಲೈನ್. ನಡುವಿನ ಇಳಿಜಾರಿಗೆ ಬೇರೆ ಏನೂ ಬೇಡ, ಸಪಾಟು ಮುಖಕ್ಕೆ ಅದರ ಸುತ್ತಲಿನ ಗೆರೆಗಳೇ ಸಾಕು. ಗ್ರೇಡಿಂಗ್ ಗ್ರೂಪ್ ಪೂರಾ ಅಳಿಸಿದೆ. ತುದಿಗಳು ಕೂಡುವಲ್ಲಿ ಲೆವೆಲ್ ಒಂದೇ ಇರಬೇಕು, ಒಂದು ಮಿಲಿಮೀಟರ್ ಕೂಡ ವ್ಯತ್ಯಾಸ ಬೇಡ. ಎಲಿವೇಶನ್ ಎಡಿಟರ್ ತೆರೆದು ಒಂದೊಂದೇ ನೋಡಿ. ಒಂದೇ ಸೈಟ್‌ನಲ್ಲಿ (ಸಾಫ್ಟ್‌ವೇರ್‌ನಲ್ಲಿ ಗೆರೆಗಳನ್ನು ಒಟ್ಟಿಗೆ ಇಡುವ ಗುಂಪು) ಎರಡು ಫೀಚರ್ ಲೈನ್ ಒಂದನ್ನೊಂದು ದಾಟಿದರೆ, ಕೊನೆಗೆ ತಿದ್ದಿದ ಗೆರೆಯ ಲೆವೆಲ್ ಇನ್ನೊಂದರ ಮೇಲೂ ಕೂರುತ್ತದೆ. ನೀವು ಮುಟ್ಟದ ಗೆರೆ ನಿಮಗೆ ಗೊತ್ತಿಲ್ಲದೆ ಬಾಗುತ್ತದೆ. ಕೆರೆಗೆ ಒಂದು ಸೈಟ್, ರಾಂಪಿಗೆ ಇನ್ನೊಂದು ಸೈಟ್ ಮಾಡಿದ್ದು ಇದಕ್ಕೇ.

ಹಲಸಿನ ಮರದ ಮೂಲೆ ಬೇರೆ ಜಾತಿಯದ್ದು. ಉಳಿದ ಐದು ಮೂಲೆಗಳಲ್ಲಿ ಇಳಿಜಾರುಗಳು ಒಂದರ ಕಡೆಗೆ ಒಂದು ಬರುತ್ತವೆ, ನಡುವೆ ಕಣಿವೆ. ಮರದ ಮೂಲೆಯಲ್ಲಿ ಅವು ಒಂದರಿಂದ ಒಂದು ದೂರ ಹೋಗುತ್ತವೆ, ನಡುವೆ ಏಣು, ಅಂದರೆ ಹೊರಕ್ಕೆ ಚಾಚಿದ ಅಂಚು. ಯಾವುದು ಯಾವುದೆಂದು ಗೊಂದಲವಾದರೆ ನನ್ನ ಗುರುತು ಹೀಗೆ: ಕಣಿವೆಯಲ್ಲಿ ಎರಡು ಇಳಿಜಾರುಗಳಲ್ಲಿ ಮೇಲಿರುವುದು ನೆಲ, ಏಣಿನಲ್ಲಿ ಕೆಳಗಿರುವುದು ನೆಲ. ಏಣಿಗೆ ಗ್ರೇಡಿಂಗ್ ತಾನಾಗಿ ಬೀಸಣಿಗೆಯ ಹಾಗೆ ಉರುಟು ಇಳಿಜಾರು ಕೊಡುತ್ತದೆ. ಉರುಟು ಮಾಡಿದರೆ ಮೂಲೆಯ ತುದಿಯ ಮಣ್ಣು ಅಷ್ಟು ಹೋಗುತ್ತದೆ. ಅದು ಮರದ ಬೇರು ಹಿಡಿದುಕೊಂಡ ಮಣ್ಣು. ಹಾಗಾಗಿ ಚೂಪು ಏಣನ್ನೇ ಇಟ್ಟೆ. ಎರಡು ಬದಿಯೂ 1:1.5, ಗೆರೆ ಸರಿಯಾಗಿ 45 ಡಿಗ್ರಿ, ತಳದ ಹತ್ತಿರ ಬದಿಗಳಿಂದ 5.25 ಮೀಟರ್ ಹೊರಗೆ.

ಇನ್ನು ರಾಂಪ್. ಹೂಳು ತೆಗೆಯಲು ಟ್ರ್ಯಾಕ್ಟರ್ ಇಳಿಯಬೇಕು. ದಕ್ಷಿಣ ಬದಿಯಲ್ಲಿ, ತೋಟದ ದಾರಿ ಬರುವ ಕಡೆ, 4 ಮೀಟರ್ ಅಗಲ, 1:6. ಮೂರೂವರೆ ಮೀಟರ್ ಇಳಿಯಲು 21 ಮೀಟರ್ ಉದ್ದ ಬೇಕು. ಅದರಲ್ಲಿ 7 ಮೀಟರ್ ಕೆರೆಯ ಇಳಿಜಾರಿನೊಳಗೆ, 14 ಮೀಟರ್ ಅಂಚಿನಿಂದ ಹೊರಗೆ. ರಾಂಪಿನ ಬದಿಗಳಿಗೆ ಮುರಕಲ್ಲು ಹೊದಿಸುವುದೆಂದು ಮೊದಲೇ ತೀರ್ಮಾನ ಆಗಿತ್ತು, ಹಾಗಾಗಿ ಅವು 1:1. ಈ ಬದಿ ಇಳಿಜಾರು ಕೆರೆಯ 1:2 ಇಳಿಜಾರನ್ನು ಎಲ್ಲಿ ಕಡಿಯುತ್ತದೆ?

ಇಲ್ಲಿ ಒಂದು ಅಂಚೇ ಓರೆ ಇದೆ, ರಾಂಪ್ ಇಳಿಯುತ್ತಿದೆಯಲ್ಲ. ಕೈಲೆಕ್ಕಕ್ಕೂ ಸಿಗುತ್ತದೆ, ಆದರೆ ಇದನ್ನು ಸಾಫ್ಟ್‌ವೇರ್‌ನಲ್ಲೇ ತೆಗೆದೆ, ಯಾಕೆಂದರೆ ಎಂಥ ವಕ್ರ ಇಳಿಜಾರಿಗೂ ನಡೆಯುವ ದಾರಿ ಇದು. ಕೆರೆಯ ಸರ್ಫೇಸ್ ಒಂದು. ರಾಂಪ್ ಮತ್ತು ಅದರ ಬದಿಗಳ ಸರ್ಫೇಸ್ ಇನ್ನೊಂದು, ಬದಿಗಳನ್ನು ಬೇಕಾದ್ದಕ್ಕಿಂತ ಜಾಸ್ತಿ ಮೇಲಕ್ಕೆ ಎಳೆದು. ಎರಡರ ನಡುವೆ ವಾಲ್ಯೂಮ್ ಸರ್ಫೇಸ್ ಮಾಡಿ. ಅದರ ಲೆವೆಲ್ ಎಂದರೆ ಎರಡು ಸರ್ಫೇಸ್‌ಗಳ ಎತ್ತರದ ವ್ಯತ್ಯಾಸ. ವ್ಯತ್ಯಾಸ ಸೊನ್ನೆ ಇರುವ ಕಡೆ ಎರಡೂ ಕೂಡುತ್ತವೆ, ಅಲ್ವಾ? ಸೊನ್ನೆಯ ಕಾಂಟೂರ್ ಒಂದನ್ನೇ ತೋರಿಸಿ, ಎಕ್ಸ್‌ಟ್ರಾಕ್ಟ್ ಮಾಡಿದರೆ ಪಾಲಿಲೈನ್ ಸಿಗುತ್ತದೆ. ಆ ಪಾಲಿಲೈನ್ ಸೊನ್ನೆ ಲೆವೆಲ್‌ನಲ್ಲಿ ಬಿದ್ದಿರುತ್ತದೆ. ಅದನ್ನು ಫೀಚರ್ ಲೈನ್ ಮಾಡಿ, ಕೆರೆಯ ಸರ್ಫೇಸ್‌ನಿಂದ ಲೆವೆಲ್ ಎತ್ತಿಕೊಳ್ಳಲು ಮರೆಯಬೇಡಿ. ಮಿನಿಮಮ್ ಡಿಸ್ಟೆನ್ಸ್ ಬಿಟ್ವೀನ್ ಸರ್ಫೇಸಸ್ ಎಂಬ ಕಮಾಂಡ್ ಕೂಡ ಇದೇ ಗೆರೆಯನ್ನು ಕೊಡುತ್ತದೆ. ನನಗೆ ಸೊನ್ನೆ ಕಾಂಟೂರ್ ಇಷ್ಟ, ಕಣ್ಣಿಗೆ ಕಾಣುತ್ತದೆ.

ಬಂದ ಗೆರೆಯನ್ನು ಹಾಳೆಯ ಮೇಲೆ ಪರೀಕ್ಷಿಸಿದೆ. ಕೆರೆಯ ಅಂಚಿನ ನೇರಕ್ಕೆ ಬರುವಾಗ ರಾಂಪ್ ತಳದಿಂದ 7 ಮೀಟರ್ ಹಿಂದೆ ಬಂದಿದೆ, ಅಂದರೆ 1.17 ಮೀಟರ್ ಮೇಲೆದ್ದಿದೆ. 3.5ರಲ್ಲಿ ಅದನ್ನು ಕಳೆದರೆ ಅಂಚಿನಿಂದ 2.33 ಕೆಳಗೆ. ಬದಿ 1:1 ಆದ್ದರಿಂದ ಪ್ರತಿ ಕಡೆ 2.33 ಮೀಟರ್ ಹೊರಗೆ ಹೋಗಿ ಅಂಚು ಮುಟ್ಟಬೇಕು. 4 ಮೀಟರ್ ರಾಂಪಿಗೆ ಮೇಲಿನ ಬಾಯಿ 8.67 ಮೀಟರ್. ಮಾಡೆಲ್‌ನಲ್ಲಿ ಅಳೆದರೆ 8.67. ಆ ಸಂಖ್ಯೆ ನೋಡಿ ನಿಜಕ್ಕೂ ಸಂತೋಷವಾಯಿತು. ಯಜಮಾನರಿಗೂ ಇದು ಮುಖ್ಯವಾಯಿತು, ಯಾಕೆಂದರೆ 4 ಮೀಟರ್ ರಾಂಪ್ ಎಂದರೆ ಅವರು 4 ಮೀಟರ್ ಜಾಗವೇ ಬಿಟ್ಟಿದ್ದರು. ಎರಡು ತೆಂಗಿನ ಗಿಡ ಪಕ್ಕಕ್ಕೆ ಹೋದವು.

ಪಶ್ಚಿಮದ ದಂಡೆಯ ಹೊರ ಇಳಿಜಾರು ನೆಲ ಮುಟ್ಟುವ ಜಾಗ ಸುಲಭ. ಗ್ರೇಡಿಂಗ್‌ನಲ್ಲಿ ಸರ್ಫೇಸ್‌ವರೆಗೆ ಎಂದು ಕೊಟ್ಟರೆ ತಾನೇ ಹುಡುಕುತ್ತದೆ. ದಂಡೆ ನೆಲದಿಂದ 1.4 ಮೀಟರ್ ಎತ್ತರ, ಇಳಿಜಾರು 1:2, ಆದರೆ ನೆಲವೂ ಅದೇ ದಿಕ್ಕಿಗೆ ಇಳಿಯುವುದರಿಂದ 2.8 ಮೀಟರಿನ ಬದಲು 3.04 ಮೀಟರ್ ಹೋಗಬೇಕು. ಬೇಲಿ ಅಷ್ಟು ಆಚೆ ಹಾಕಿದರೆ ಸರಿ.

ಎಲ್ಲ ಸೇರಿಸಿದ ಮೇಲೆ ರಾಂಪ್ ಇಲ್ಲದ ಕೆರೆಯ ಲೆಕ್ಕ 2,493 ಬಂತು. ಪ್ರತಿ ಮೂಲೆಯ ಗೆರೆಯ ಮೇಲೆ ಕ್ವಿಕ್ ಪ್ರೊಫೈಲ್ (ಗೆರೆಯ ಉದ್ದಕ್ಕೆ ಎತ್ತರದ ಚಿತ್ರ) ಎಳೆದು ನೋಡಿದೆ, ನೆಟ್ಟಗೆ ಒಂದೇ ಇಳಿಜಾರು. ವಾಟರ್ ಡ್ರಾಪ್ (ನೀರು ಹರಿಯುವ ದಾರಿ ತೋರಿಸುವ ಕಮಾಂಡ್) ಬಿಟ್ಟರೆ ಹನಿಗಳು ಬದಿಗಳಿಂದ ಓರೆಯಾಗಿ ಬಂದು ಕಣಿವೆಯ ಗೆರೆ ಸೇರಿ ಅದರ ಉದ್ದಕ್ಕೂ ಕೆಳಗೆ ಹೋಗುತ್ತವೆ. ಆ ಚಿತ್ರವನ್ನೇ ಯಜಮಾನರಿಗೆ ತೋರಿಸಿದೆ. ಜೂನ್ ತಿಂಗಳಲ್ಲಿ ಎರಡು ಬದಿಯ ನೀರು ಸೇರಿ ಹರಿಯುವುದು ಈ ಐದು ಗೆರೆಗಳಲ್ಲಿ, ಶೇಡಿ ಮೊದಲು ಕೊರೆದು ಹೋಗುವುದೂ ಇಲ್ಲೇ, ಹಾಗಾಗಿ ಬದಿಗಳಿಗೆ ಹುಲ್ಲು ಸಾಕು, ಕಣಿವೆಗಳಿಗೆ ಮಾತ್ರ ಕಲ್ಲು ಹಾಸೋಣ ಎಂದೆ. ಅವರಿಗೆ ಖರ್ಚೂ ಉಳಿಯಿತು, ಒಪ್ಪಿದರು.

ಫೆಬ್ರವರಿಯಲ್ಲಿ ಹಿಟಾಚಿ ಬಂತು. ಮೂಲೆಯ ಗೆರೆಯ ಮೇಲೆ ಪ್ರತಿ ಒಂದು ಮೀಟರ್ ಆಳಕ್ಕೆ ಒಂದು ಬಿಂದುವಿನಂತೆ ಗೂಟ ಹೊಡೆದು ಸುಣ್ಣ ಹಾಕಿದೆವು. "ಸರ್, ಮೂಲೆ ಉರುಟು ಮಾಡುವುದಾ, ಚೂಪು ಮಾಡುವುದಾ?" ಎಂದು ಆಪರೇಟರ್ ಕೇಳಿದ. ಬಹಳ ಒಳ್ಳೆಯ ಪ್ರಶ್ನೆ. ಬಕೆಟ್ ತಿರುಗುವುದೇ ಉರುಟಾಗಿ, ಹೇಳದಿದ್ದರೆ ಮೂಲೆಗಳು ಉರುಟೇ ಆಗುತ್ತವೆ. ಬದಿಗಳನ್ನು ಮೊದಲು ಇಳಿಸು, ಮೂಲೆಯ ಮಣ್ಣು ಬಿಟ್ಟಿರು, ಕೊನೆಗೆ ಎರಡೂ ಕಡೆಯಿಂದ ಗೂಟದವರೆಗೆ ಬಾ ಎಂದೆ. ಇಳಿಜಾರು ನೋಡಲು ಆಚಾರ್ರು ರೀಪಿನಲ್ಲಿ ಒಂದು ತ್ರಿಕೋನ ಮಾಡಿಕೊಟ್ಟರು, ಅರ್ಧ ಮೀಟರ್ ಎತ್ತರ, ಒಂದು ಮೀಟರ್ ಉದ್ದ. ಇಳಿಜಾರಿನ ಮೇಲೆ ಅದನ್ನು ಕವುಚಿಟ್ಟು ಮೇಲ್ಬದಿಗೆ ರಸಮಟ್ಟ ಇಟ್ಟರೆ ಆಯಿತು. ಟೋಟಲ್ ಸ್ಟೇಷನ್‌ಗಿಂತ ಜಾಸ್ತಿ ಸಲ ಅದೇ ಉಪಯೋಗಕ್ಕೆ ಬಂತು.

ನಾಲ್ಕನೇ ದಿನ ಪೂರ್ವ ಬದಿಯಲ್ಲಿ ಎರಡು ಮೀಟರ್ ದಾಟುತ್ತಿದ್ದ ಹಾಗೆ ಬಕೆಟ್ಟಿನಲ್ಲಿ ಬಿಳಿ ಮಣ್ಣು ಬಂತು. ಕೈಗೆ ತೆಗೆದುಕೊಂಡು ನೀರು ಹಾಕಿ ಉಜ್ಜಿದೆ, ಸಾಬೂನಿನ ಹಾಗೆ ಜಾರಿತು. ಶೇಡಿ. ಗುಂಡಿಯನ್ನು ನಾವು ಎರಡು ಮೀಟರಿಗೆ ನಿಲ್ಲಿಸಿದ್ದೆವು, ಮುರಕಲ್ಲು ಅಲ್ಲಿಗೇ ಮುಗಿದಿತ್ತು. ಇನ್ನು ಎಲ್ಲೇ ಆಗಲಿ, ಕೆರೆಯ ತಳಕ್ಕಿಂತ ಅರ್ಧ ಮೀಟರ್ ಕೆಳಗಿನವರೆಗೆ ನೋಡದೆ ಗುಂಡಿ ಮುಚ್ಚುವುದಿಲ್ಲ, ಬಾಡಿಗೆ ಜಾಸ್ತಿಯಾದರೂ ಪರವಾಗಿಲ್ಲ. ಮೇಲೆ ಎರಡು ಮೀಟರ್ 1:1 ಇರಲಿ, ಕೆಳಗಿನ ಒಂದೂವರೆ ಮೀಟರ್ 1:2 ಆಗಬೇಕು. ಮರದ ಬದಿಯಲ್ಲೂ ಕೆಳಭಾಗ ಹಾಗೆಯೇ.

ಹಿಟಾಚಿ ಗಂಟೆಯ ಲೆಕ್ಕದಲ್ಲಿ ನಿಂತಿತ್ತು. ಲ್ಯಾಪ್‌ಟಾಪ್ ತೆಗೆಯದೆ ಒಂದು ಚೀಟಿಯಲ್ಲೇ ಆಗ್ನೇಯ ಮೂಲೆ ಸರಿಮಾಡಿದೆ. ಎರಡು ಮೀಟರ್ ಆಳದವರೆಗೆ ಹಳೆಯ ಗೆರೆಯೇ, ಮೂಲೆಯಿಂದ 2 ಮತ್ತು 4. ಅಲ್ಲಿಂದ ಕೆಳಗೆ ಎರಡೂ ಬದಿ 1:2, ಸಮ ಇಳಿಜಾರು, ಹಾಗಾಗಿ ಗೆರೆ 45 ಡಿಗ್ರಿಗೆ ತಿರುಗುತ್ತದೆ. ತಳದ ಹತ್ತಿರ 5 ಮತ್ತು 7. ಕಣಿವೆಯ ಗೆರೆ ನಡುವೆ ಒಂದು ಕಡೆ ಮುರಿಯುತ್ತದೆ, ಅಷ್ಟೇ ಬದಲಾವಣೆ. ಮೂರು ಗೂಟ ಕಿತ್ತು ಬೇರೆ ಕಡೆ ಹೊಡೆದೆವು. ಮರದ ಏಣಿನ ಗೆರೆ 45ರಲ್ಲೇ ಉಳಿಯಿತು, ಎರಡು ಬದಿಯೂ ಒಂದೇ ರೀತಿ ಬದಲಾಯಿತಲ್ಲ, ಸ್ವಲ್ಪ ಉದ್ದವಾಯಿತು ಮಾತ್ರ. ಮಾಡೆಲ್ ತಿದ್ದಿದ್ದು ರಾತ್ರಿ ಮನೆಗೆ ಬಂದ ಮೇಲೆ, ಅರ್ಧ ಗಂಟೆ. ಹಳೆಯ ಗ್ರೇಡಿಂಗ್ ಇಟ್ಟುಕೊಂಡಿದ್ದರೆ ಇಡೀ ಮೂಲೆ ಮತ್ತೆ ಕಟ್ಟಬೇಕಿತ್ತು.

ಕಡಿದು ಮುಗಿದ ಮೇಲೆ ಮೂಲೆಗಳ ಲೆವೆಲ್ ತೆಗೆದೆವು. ಐದು ಕಣಿವೆಗಳಲ್ಲಿ ನಾಲ್ಕಕ್ಕೆ ಮಾಡೆಲ್‌ಗೂ ನೆಲಕ್ಕೂ ವ್ಯತ್ಯಾಸ 8 ಸೆಂಟಿಮೀಟರ್ ಮೀರಿಲ್ಲ. ವಾಯವ್ಯದ್ದು ಮಾತ್ರ 20 ಸೆಂಟಿಮೀಟರ್ ಆಳ ಹೋಗಿದೆ, ಅಲ್ಲಿ ಸಡಿಲ ಮಣ್ಣು ತುಂಬುವ ಬದಲು ಕಲ್ಲು ಹಾಸನ್ನೇ ದಪ್ಪ ಮಾಡುತ್ತಿದ್ದೇವೆ. ಪೂರ್ವದ ಅಂಚಿನ ಮೇಲೆ, ಗುಡ್ಡದ ನೀರು ನೇರ ಒಳಗೆ ನುಗ್ಗದಂತೆ ಒಂದು ಕಣಿ (ಚರಂಡಿ) ತೆಗೆದು ರಾಂಪಿನ ಆಚೆಗೆ ತಿರುಗಿಸಿ ಆಯಿತು. ಮೂರು ಕಣಿವೆಗೆ ಕಲ್ಲು ಹಾಸಿದೆ, ಪ್ರತಿಯೊಂದೂ ಗೆರೆಯ ಎರಡು ಕಡೆ ಮುಕ್ಕಾಲು ಮೀಟರ್. ಇನ್ನೆರಡು ಕಣಿವೆ ಬಾಕಿ. ಪೂರ್ವದಿಂದ ಕಡಿದ ಮುರಕಲ್ಲೇ ಅದಕ್ಕೆ ಸಾಲುತ್ತದೆ. ಮೇ ಮೂರನೇ ವಾರದೊಳಗೆ ಮುಗಿಸಬೇಕು.